ಮೂಕ ಸಾಕ್ಷಿಗಳು ಮತ್ತು ಮಾನವನ ಔಷಧ

ನಾಂಪಲ್ಲಿಯ ರೈಲು ನಿಲ್ದಾಣದಿಂದ ಹೊರಬಂದು ರೆಡ್ ಹಿಲ್ಸ್‌ನ ದಿಕ್ಕಿಗೆ ನಡೆದರೆ ನಿಲೋಫರ್ ಮಕ್ಕಳ ಆಸ್ಪತ್ರೆಯೂ ಅದರ ಆಸುಪಾಸಿನ ಔಷಧದ ಅಂಗಡಿಗಳೂ ಎದುರಾಗುತ್ತವೆ. ಕಲಬುರಗಿ, ಬೀದರ, ರಾಯಚೂರುಗಳ ಕಡೆಯಿಂದ ಗಾಡಿ ಹತ್ತಿ, ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದ ತಾಯಿತಂದೆಯರು ಅಲ್ಲಿ ವೈದ್ಯರ ಚೀಟಿ ಹಿಡಿದು ನಿಂತಿರುವುದು ಅಪರೂಪದ ನೋಟವೇನಲ್ಲ. ರಾಜ್ಯಗಳ ಗಡಿ 1956ರಲ್ಲಿ ಬದಲಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆದರೆ ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಹೋಗುವ ಹಳೆಯ ವಾಡಿಕೆ ಮಾತ್ರ ಬದಲಾಗಿಲ್ಲ. ಅಂಗಡಿಯವನು ಸೀಸೆಯನ್ನು ಕೈಗಿಡುವಾಗ ಯಾವ ತಾಯಿಯಾದರೂ ಕೇಳುವ ಪ್ರಶ್ನೆ ಒಂದೇ: ‘ಇದರಿಂದ ಮಗುವಿಗೆ ಏನೂ ಆಗುವುದಿಲ್ಲವಷ್ಟೆ?’

ಈ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ವೈದ್ಯರು ತಾವು ಓದಿದ ಗ್ರಂಥವನ್ನು ನಂಬಿ ಹೇಳುತ್ತಾರೆ. ಗ್ರಂಥ ಬರೆದವರು ಔಷಧ ಕಂಪೆನಿಯ ವರದಿಯನ್ನೂ ಆಸ್ಪತ್ರೆಗಳ ಅನುಭವವನ್ನೂ ನಂಬಿರುತ್ತಾರೆ. ಆ ವರದಿಯ ಮೊದಲ ಪುಟಗಳಲ್ಲಿರುವುದು ಮಾತು ಬಾರದ ಸಾಕ್ಷಿಗಳ ಹೇಳಿಕೆ: ಇಲಿ, ಮೊಲ, ನಾಯಿ, ಕೋತಿ. ಹೊಸ ವಸ್ತುವೊಂದನ್ನು ಮನುಷ್ಯನಿಗೆ ಕೊಡುವ ಮೊದಲು ಈ ಪ್ರಾಣಿಗಳಿಗೆ ಕೊಟ್ಟು, ಬದುಕಿದವೆಷ್ಟು, ಸತ್ತವೆಷ್ಟು, ಯಾವ ಅಂಗ ಕೆಟ್ಟಿತು ಎಂದು ನೋಡುವುದು ಇಪ್ಪತ್ತನೆಯ ಶತಮಾನದ ಪದ್ಧತಿ. ಈ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು, ಪ್ರಾಣಿಗಳಿಲ್ಲದೆಯೇ ಔಷಧದ ಹಾಗೂ ರಾಸಾಯನಿಕಗಳ ಕೇಡನ್ನು ಮುಂಚಿತವಾಗಿ ತಿಳಿಯಲು ಸಾಧ್ಯವೇ ಎಂಬ ವಿಚಾರ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಪ್ರಮುಖವಾಗಿದೆ. ಸ್ವಾರಸ್ಯದ ಸಂಗತಿಯೆಂದರೆ, ಇದೇ ವಿವಾದದ ಬಹು ದೊಡ್ಡ ಅಧ್ಯಾಯವೊಂದು ನೂರಮೂವತ್ತು ವರ್ಷಗಳಿಗೂ ಹಿಂದೆ ಈ ಹೈದರಾಬಾದಿನಲ್ಲಿಯೇ ನಡೆದುಹೋಯಿತು.

ನಿಜಾಮರ ಊರಿನ ಕ್ಲೋರೋಫಾರಂ ಆಯೋಗ

ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರಂ ಎಂಬ ದ್ರವದ ಆವಿಯನ್ನು ಅರಿವಳಿಕೆಯಾಗಿ ಬಳಕೆಗೆ ತಂದನು. ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಕೊಯ್ಯುತ್ತಿದ್ದ ಕಾಲದಲ್ಲಿ ಅದು ವರವೇ ಸರಿ. ಆದರೆ ಮೂರು ತಿಂಗಳು ತುಂಬುವುದರೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುಳಿತವಳು ಕ್ಲೋರೋಫಾರಂ ಉಸಿರಾಡಿದ ಕೆಲವೇ ನಿಮಿಷಗಳಲ್ಲಿ ಪ್ರಾಣಬಿಟ್ಟಳು. ಆ ಬಳಿಕ ಇಂತಹ ಸಾವುಗಳು ಅಲ್ಲಲ್ಲಿ ನಡೆಯುತ್ತಲೇ ಬಂದವು. ಸತ್ತವರಲ್ಲಿ ಹಲವರು ಗಟ್ಟಿಮುಟ್ಟಾದವರು. ಆಗಬೇಕಿದ್ದುದು ಸಣ್ಣ ಶಸ್ತ್ರಕ್ರಿಯೆ.

ಕಾರಣವೇನೆಂಬುದರಲ್ಲಿ ವೈದ್ಯರು ಎರಡು ಪಂಗಡವಾದರು. ಕ್ಲೋರೋಫಾರಂ ನೇರವಾಗಿ ಹೃದಯಕ್ಕೇ ಹೊಡೆತ ಕೊಡುತ್ತದೆ, ಆದುದರಿಂದ ನಾಡಿಯ ಮೇಲೆ ಬೆರಳಿಟ್ಟಿರಬೇಕು ಎಂಬುದು ಲಂಡನ್ನಿನವರ ವಾದ. ಹಾಗಲ್ಲ, ಮೊದಲು ನಿಲ್ಲುವುದು ಉಸಿರು, ಉಸಿರನ್ನು ಕಾಯ್ದುಕೊಂಡರೆ ಸಾಕು ಎಂಬುದು ಎಡಿನ್‌ಬರೋದವರ ವಾದ. ಎಡಿನ್‌ಬರೋದಲ್ಲಿ ಕಲಿತ ಎಡ್ವರ್ಡ್ ಲಾರಿ ಹೈದರಾಬಾದಿಗೆ ರೆಸಿಡೆನ್ಸಿ ಸರ್ಜನ್ ಆಗಿ ಬಂದು, ಇಲ್ಲಿಯ ವೈದ್ಯಶಾಲೆಯ ಮುಖ್ಯಸ್ಥನೂ ಆದನು. ಕ್ಲೋರೋಫಾರಂ ಸರಿಯಾಗಿ ಕೊಟ್ಟರೆ ಅಪಾಯವೇ ಇಲ್ಲವೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಗುರುವಿನ ಮಾತನ್ನು ಸಾಬೀತುಪಡಿಸಬೇಕೆಂಬ ಶಿಷ್ಯನ ಛಲಕ್ಕೆ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಖಜಾನೆಯ ಬೆಂಬಲವೂ ದೊರಕಿತು. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರಂ ಆಯೋಗ ಕುಳಿತು, ನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ, ಎಂದು ತೀರ್ಪಿತ್ತಿತು.

ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಒಪ್ಪಲಿಲ್ಲ. ಸಂಶಯವಿದ್ದರೆ ನಿಮ್ಮವರನ್ನೇ ಕಳುಹಿಸಿ ನೋಡಿ ಎಂದು ನಿಜಾಮರು ಒಂದು ಸಾವಿರ ಪೌಂಡುಗಳನ್ನು ಕೊಟ್ಟರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹೃದ್ರೋಗದ ಔಷಧಗಳಲ್ಲಿ ಹೆಸರು ಮಾಡಿದ್ದ ಲಾಡರ್ ಬ್ರಂಟನ್ 1889ರಲ್ಲಿ ಹಡಗೇರಿ ಬಂದನು. ಅವನು ಬರುವಾಗ ಹೃದಯಕ್ಕೆ ಅಪಾಯವುಂಟೆಂದು ನಂಬಿದ್ದವನು. ಹೈದರಾಬಾದಿನಲ್ಲಿ ನಾಯಿ, ಕುದುರೆ, ಕೋತಿ, ಮೇಕೆ, ಬೆಕ್ಕು, ಮೊಲಗಳೆಂದು ಸುಮಾರು 490 ಪ್ರಾಣಿಗಳು ಕ್ಲೋರೋಫಾರಂ ಉಸಿರಾಡಿದವು. ಡಿಸೆಂಬರಿನಲ್ಲಿ ಬ್ರಂಟನ್ ಲಂಡನ್ನಿಗೆ ತಂತಿ ಕಳುಹಿಸಿದನು: ಅಪಾಯವಿರುವುದು ಉಸಿರುಕಟ್ಟುವಿಕೆಯಿಂದ ಅಥವಾ ಮಿತಿಮೀರಿದ ಪ್ರಮಾಣದಿಂದ; ಹೃದಯಕ್ಕೆ ನೇರವಾದ ಅಪಾಯವೇನೂ ಇಲ್ಲ. ಲಾರಿ ಗೆದ್ದನು. ಇಲ್ಲಿಯ ವೈದ್ಯಶಾಲೆಯ ವಿದ್ಯಾರ್ಥಿನಿ ರೂಪಾ ಬಾಯಿ ಫರ್ದೂನ್‌ಜಿಯವರೂ ಈ ಪ್ರಯೋಗಗಳಲ್ಲಿ ಭಾಗವಹಿಸಿದವರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸುತ್ತಾರೆ ಎಂಬುದು ಈ ನಗರಕ್ಕೆ ಹೆಮ್ಮೆಯ ಮಾತು.

ಆದರೆ ಆಯೋಗದ ತೀರ್ಪು ತಪ್ಪಾಗಿತ್ತು. ಸುಮಾರು ಐನೂರು ಪ್ರಾಣಿಗಳು ಒಕ್ಕೊರಲಿನಿಂದ ನುಡಿದ ಸಾಕ್ಷ್ಯವಿದ್ದರೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮನುಷ್ಯರು ಸಾಯುವುದು ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೀವಿ ಎಂಬ ಲಂಡನ್ನಿನ ವೈದ್ಯನು ನಿಜವನ್ನು ತೋರಿಸಿಕೊಟ್ಟನು. ಕ್ಲೋರೋಫಾರಂ ಅರೆಬರೆಯಾಗಿ ಏರಿರುವಾಗ, ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಉಕ್ಕಿದರೆ, ಹೃದಯದ ಸ್ನಾಯುಗಳು ತಾಳ ತಪ್ಪಿ ಅದುರಲಾರಂಭಿಸುತ್ತವೆ; ರಕ್ತ ಮುಂದಕ್ಕೆ ಸಾಗುವುದಿಲ್ಲ; ಸಾವು ಕ್ಷಣಮಾತ್ರದಲ್ಲಿ. ಅಡ್ರಿನಲಿನ್ ಉಕ್ಕುವುದು ಭಯದಿಂದ. ಮೇಜಿನ ಮೇಲೆ ಮಲಗಿ, ಮುಂದೇನಾಗುವುದೋ ಎಂದು ನಡುಗುವ ಮನುಷ್ಯನ ಭಯ ಆಯೋಗದ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ. ಹ್ಯಾನಾ ಗ್ರೀನರ್ ಹೆದರಿ ಅಳುತ್ತ ಕುರ್ಚಿಯಲ್ಲಿ ಕುಳಿತಿದ್ದಳೆಂಬುದನ್ನು ಇಲ್ಲಿ ನೆನೆಯಬೇಕು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಲೀವಿ ಈ ಸತ್ಯವನ್ನು ಕಂಡುಕೊಂಡದ್ದು ಬೆಕ್ಕುಗಳ ಮೇಲಿನ ಪ್ರಯೋಗದಿಂದಲೇ. ಆದುದರಿಂದ ಪ್ರಾಣಿಗಳು ಸುಳ್ಳು ಹೇಳುತ್ತವೆ ಎನ್ನುವುದು ಸರಿಯಲ್ಲ. ಕೇಳಿದ ಪ್ರಶ್ನೆಗಷ್ಟೇ ಅವು ಉತ್ತರಿಸುತ್ತವೆ. ತನಗೆ ಬೇಕಾದ ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಕೇಳಿದವನಿಗೆ ಎಷ್ಟು ಪ್ರಾಣಿಗಳನ್ನು ಕೊಂದರೂ ಅದೇ ಉತ್ತರ ಸಿಕ್ಕೀತು.

ಇಲಿ ಒಂದು ಹೇಳಿತು, ದೇಹ ಇನ್ನೊಂದು

ಪ್ರಶ್ನೆ ಸರಿಯಾಗಿದ್ದಾಗಲೂ ತೊಡಕು ಉಳಿಯುತ್ತದೆ. ನಾವು ನುಂಗಿದ ಔಷಧವನ್ನು ಯಕೃತ್ತಿನ ಕಿಣ್ವಗಳು ಒಡೆದು ಬೇರೆ ಬೇರೆ ವಸ್ತುಗಳಾಗಿ ಪರಿವರ್ತಿಸುತ್ತವೆ. ಈ ಅಡುಗೆಮನೆ ಪ್ರತಿ ಜೀವಿಗೂ ಬೇರೆ. ಮನುಷ್ಯರನ್ನು ಲಕ್ಷಗಟ್ಟಲೆ ಉಳಿಸಿದ ಪೆನಿಸಿಲಿನ್ ಗಿನಿಯಿಲಿಗೆ ಮಾರಕ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆ ಇಲಿಗಳಿಗೆ ಎಷ್ಟು ಕೊಟ್ಟರೂ ಸಾಯದಷ್ಟು ಸುರಕ್ಷಿತವೆನಿಸಿತ್ತು. ಬಸುರಿಯರು ಅದನ್ನು ತೆಗೆದುಕೊಂಡ ಫಲವಾಗಿ, 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವ ವೇಳೆಗೆ, ಕೈಕಾಲುಗಳು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಹುಟ್ಟಿದವೆಂದು ಅಂದಾಜು. ಬಸುರಿಯಾದ ಪ್ರಾಣಿಗಳ ಮೇಲೆ ಅದನ್ನು ಮೊದಲೇ ಸರಿಯಾಗಿ ಪರೀಕ್ಷಿಸಿರಲಿಲ್ಲ. ಬಳಿಕ ಪರೀಕ್ಷಿಸಿದಾಗ ಕೆಲವು ತಳಿಯ ಮೊಲಗಳಲ್ಲಿ ಕೇಡು ಕಂಡುಬಂತು, ಇಲಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ. 2006ರ ಮಾರ್ಚಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಜನ ಆರೋಗ್ಯವಂತ ಯುವಕರಿಗೆ ಚುಚ್ಚಲಾಯಿತು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ ಐನೂರರಲ್ಲಿ ಒಂದು ಪಾಲು ಮಾತ್ರ! ಕೆಲವೇ ಗಂಟೆಗಳಲ್ಲಿ ಆರೂ ಮಂದಿ ತೀವ್ರ ನಿಗಾ ಘಟಕ ಸೇರಿದರು. ಅದೃಷ್ಟವಶಾತ್ ಪ್ರಾಣ ಉಳಿಯಿತು.

ರಾಸಾಯನಿಕಗಳ ವಿಷಯದಲ್ಲಿ ಕನ್ನಡಿಗರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಮೊದಲಾದ ಊರುಗಳ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಕಡೆಯೂ ಇದೇ ಕಥೆ. ಆ ಊರುಗಳಲ್ಲಿ ಬುದ್ಧಿ ಬೆಳೆಯದ, ಅಂಗವೈಕಲ್ಯದ ಮಕ್ಕಳು ವಿಪರೀತವೆನ್ನುವಷ್ಟು ಇರುವುದನ್ನು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರೂ ಪತ್ರಕರ್ತ ಶ್ರೀ ಪಡ್ರೆಯವರೂ ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಗಂಡುಮಕ್ಕಳನ್ನು ಪರೀಕ್ಷಿಸಿ, ಅವರು ಪ್ರೌಢರಾಗುವುದು ತಡವಾಗುತ್ತಿದೆಯೆಂದು 2003ರಲ್ಲಿ ಪ್ರಕಟಿಸಿತು. ಪ್ರತಿಯೊಂದು ರೋಗಕ್ಕೂ ಈ ವಿಷವೇ ಕಾರಣವೇ ಎಂಬ ವಿಷಯದಲ್ಲಿ ವಿಜ್ಞಾನಿಗಳ ವಾದ ಮುಗಿದಿಲ್ಲ. ಸರ್ವೋಚ್ಚ ನ್ಯಾಯಾಲಯ ಮಾತ್ರ ವಾದ ಮುಗಿಯುವವರೆಗೆ ಕಾಯದೆ 2011ರ ಮೇ ತಿಂಗಳಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು.

ಈ ಔಷಧವೂ ಇಲಿಗಳ ಪರೀಕ್ಷೆಯನ್ನು ದಾಟಿಯೇ ಬಂದದ್ದು. ಆದರೆ ಪ್ರಯೋಗಾಲಯದ ಇಲಿ ಹೊತ್ತುಹೊತ್ತಿಗೆ ಉಣ್ಣುವ ಇಲಿ. 1970ರ ಸುಮಾರಿಗೆ ಕೆನಡಾದ ಸಂಶೋಧಕರು ಆಹಾರದಲ್ಲಿ ಸಸಾರಜನಕ ಕಡಿಮೆಯಾದ ಇಲಿಗಳಿಗೆ ಎಂಡೋಸಲ್ಫಾನ್ ಕೊಟ್ಟು ನೋಡಿದಾಗ, ಅವು ಹೊಟ್ಟೆತುಂಬ ತಿಂದ ಇಲಿಗಳಿಗಿಂತ ಹಲವು ಪಟ್ಟು ಕಡಿಮೆ ಪ್ರಮಾಣಕ್ಕೇ ಸತ್ತವು. ಬಡವರ ಮನೆಯ ಕೂಸಿನ ತಟ್ಟೆಯಲ್ಲಿ ಏನಿರುತ್ತದೆಂಬುದನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ವಿಷದ ಕೇಡು ವಿಷದಲ್ಲಷ್ಟೇ ಇರುವುದಿಲ್ಲ, ಅದು ಸೇರುವ ದೇಹದಲ್ಲಿಯೂ ಇರುತ್ತದೆ.

ಮನುಷ್ಯನ ಜೀವಕೋಶವನ್ನೇ ಕೇಳುವುದು

ಹಾಗಾದರೆ ಸಾಕ್ಷಿಯನ್ನೇ ಬದಲಿಸಬಾರದೇಕೆ? ಮನುಷ್ಯನಿಗೆ ಆಗುವ ಕೇಡನ್ನು ಮನುಷ್ಯನ ಜೀವಕೋಶಗಳನ್ನೇ ಕೇಳಿದರೆ ಹೇಗೆ? ಹೊಸ ವಿಧಾನಗಳ ತಿರುಳು ಇಷ್ಟೇ.

ಇದರ ಹಿರಿಯಣ್ಣನೆಂದರೆ ಅಮೆರಿಕದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ. ಕ್ಯಾನ್ಸರ್ ತರುವ ಬಹಳಷ್ಟು ರಾಸಾಯನಿಕಗಳು ವಂಶವಾಹಿಗಳನ್ನು ಕೆಡಿಸುತ್ತವೆ. ತಾನಾಗಿ ಬೆಳೆಯಲಾರದಂತೆ ಮಾಡಿದ ಸಾಲ್ಮೊನೆಲ್ಲಾ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿಟ್ಟು, ಅನುಮಾನದ ವಸ್ತುವನ್ನು ಹಾಕಿದಾಗ ಅದು ಮತ್ತೆ ಬೆಳೆಯತೊಡಗಿದರೆ, ವಂಶವಾಹಿ ಬದಲಾಯಿತೆಂದು ತಿಳಿಯುತ್ತದೆ. ಇಲಿಗಳಿಗೆ ಎರಡು ವರ್ಷ ತಿನ್ನಿಸಿ ಕಾಯುವ ಬದಲು ಎರಡೇ ದಿನಗಳಲ್ಲಿ ಮೊದಲ ಸುಳಿವು! ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಂತೆ ಬಳಿಯುತ್ತಿದ್ದ ಟ್ರಿಸ್ ಎಂಬ ರಾಸಾಯನಿಕದ ಕೇಡನ್ನು ಈ ಪರೀಕ್ಷೆ ಎತ್ತಿ ತೋರಿಸಿ, 1977ರಲ್ಲಿ ಅಮೆರಿಕದಲ್ಲಿ ಅದರ ಬಳಕೆ ನಿಂತಿತು. ಆದರೂ ಈ ಪರೀಕ್ಷೆಗೆ ಸಾಮಾನ್ಯವಾಗಿ ಇಲಿಯ ಯಕೃತ್ತಿನ ಸಾರ ಬೆರೆಸಬೇಕು. ಪ್ರಾಣಿಯಿಂದ ಪೂರ್ಣ ಬಿಡುಗಡೆ ಅಷ್ಟು ಸುಲಭವಲ್ಲ.

ಲಸಿಕೆಗಳ ಊರೆನಿಸಿದ ಹೈದರಾಬಾದಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಚುಚ್ಚುಮದ್ದಿನಲ್ಲಿ ರೋಗಾಣುಗಳ ಅಳಿದುಳಿದ ಅಂಶವಿದ್ದರೆ ರೋಗಿಗೆ ಚಳಿಜ್ವರ ಬರುತ್ತದೆ. ಇದನ್ನು ತಿಳಿಯಲು ಬಹುಕಾಲ ಮೊಲಗಳಿಗೆ ಮದ್ದನ್ನು ಚುಚ್ಚಿ, ಮೈಬಿಸಿ ಏರುವುದೇ ಎಂದು ಗಂಟೆಗಟ್ಟಲೆ ನೋಡುತ್ತಿದ್ದರು. ಆಮೇಲೆ ಕುದುರೆಲಾಳದ ಆಕಾರದ ಕಡಲೇಡಿಯೊಂದರ ನೀಲಿ ರಕ್ತದ ಸಾರ ಇದೇ ವಿಷಾಂಶ ತಗುಲಿದೊಡನೆ ಹೆಪ್ಪುಗಟ್ಟುವುದೆಂದು ತಿಳಿದುಬಂತು. ಒಡಿಶಾದ ಕಡಲ ದಂಡೆಯಲ್ಲಿಯೂ ಈ ಏಡಿಗಳಿವೆ. ಈಗ ಅದೇ ಸಾರವನ್ನು ಏಡಿಯ ಹಂಗಿಲ್ಲದೆ ತಯಾರಿಸಬಹುದಾಗಿದೆ. ಮನುಷ್ಯನ ರಕ್ತದ ಬಿಳಿ ಕಣಗಳನ್ನೇ ಬಳಸುವ ಪರೀಕ್ಷೆಯೂ ಬಂದಿದೆ. 2018ರ ಭಾರತೀಯ ಔಷಧಕೋಶ ಮೊಲದ ಪರೀಕ್ಷೆಗೆ ಬದಲಾಗಿ ಇಂತಹ ವಿಧಾನಗಳಿಗೆ ದಾರಿ ಮಾಡಿಕೊಟ್ಟಿತು. ಸದ್ದಿಲ್ಲದೆ ನಡೆದ ಈ ಬದಲಾವಣೆ ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ; ಮೊಲಗಳಿಗೆ ಪತ್ರಿಕೆ ಓದುವ ಅಭ್ಯಾಸವಿಲ್ಲವಷ್ಟೆ.

ಸೌಂದರ್ಯ ಸಾಧನಗಳ ವಿಷಯದಲ್ಲಿ ಕಾನೂನು ಇನ್ನೂ ಮುಂದೆ ಸಾಗಿದೆ. 1944ರಿಂದ ರೂಢಿಗೆ ಬಂದ ಡ್ರೇಜ್ ಪರೀಕ್ಷೆಯಲ್ಲಿ ಸಾಬೂನು, ಶಾಂಪೂಗಳ ಅಂಶಗಳನ್ನು ಮೊಲದ ಕಣ್ಣಿಗೆ ಹಾಕಿ ಕಣ್ಣು ಕೆಂಪೇರುವುದನ್ನು ಅಳೆಯುತ್ತಿದ್ದರು. ಇಂದು ಮನುಷ್ಯನ ಚರ್ಮದ ಜೀವಕೋಶಗಳನ್ನು ಪದರಪದರವಾಗಿ ಬೆಳೆಸಿ, ಕಣ್ಣಪಾಪೆಯ ಮೇಲಿನ ಪದರದಂತಹದನ್ನೂ ಬೆಳೆಸಿ, ಅವುಗಳ ಮೇಲೆಯೇ ಪರೀಕ್ಷಿಸುತ್ತಾರೆ. 2014ರಲ್ಲಿ ಭಾರತ ಸರ್ಕಾರ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವನ್ನು ಆಮದು ಮಾಡುವುದನ್ನೂ ನಿಷೇಧಿಸಿತು.

ಹೊಟ್ಟೆಯೊಳಗೆ ಹೋಗುವ ಔಷಧದ ವಿಷಯ ಇಷ್ಟು ಸರಳವಲ್ಲ. ತಟ್ಟೆಯಲ್ಲಿ ಹರಡಿದ ಯಕೃತ್ತಿನ ಜೀವಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಕಸುಬನ್ನು ಮರೆಯುತ್ತವೆ. ಅದಕ್ಕಾಗಿ ಬೆರಳುದ್ದದ ಪಾರದರ್ಶಕ ಬಿಲ್ಲೆಯಲ್ಲಿ ಕೂದಲೆಳೆಯಂತಹ ನಾಲೆಗಳನ್ನು ಕೊರೆದು, ಅವುಗಳ ಎರಡೂ ಬದಿಗೆ ಜೀವಕೋಶಗಳನ್ನು ನೆಟ್ಟು, ರಕ್ತದಂತೆ ದ್ರವವನ್ನು ಹರಿಸುತ್ತಾರೆ. ‘ಆರ್ಗನ್ ಆನ್ ಎ ಚಿಪ್’ ಎಂದು ಇದಕ್ಕೆ ಹೆಸರು. 2022ರಲ್ಲಿ ಅಮೆರಿಕದ ತಂಡವೊಂದು ಇಂತಹ 870 ಬಿಲ್ಲೆಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಹಲವು ಪ್ರಾಣಿಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಳಿಕ ಮನುಷ್ಯರ ಯಕೃತ್ತನ್ನು ಕೆಡಿಸಿದಂತಹವು. ಕೇಡಿನ ಔಷಧಗಳಲ್ಲಿ ಶೇಕಡಾ 87ರಷ್ಟನ್ನು ಬಿಲ್ಲೆ ಗುರುತಿಸಿತು; ನಿರಪಾಯವಾದ ಯಾವುದನ್ನೂ ವೃಥಾ ದೂರಲಿಲ್ಲ. ಉಳಿದ ಶೇಕಡಾ 13 ನುಸುಳಿಹೋದವೆಂಬುದನ್ನೂ ಗಮನಿಸಬೇಕು.

ಮೂರನೆಯ ದಾರಿ ಗಣಕಯಂತ್ರದ್ದು. ಅಪರಿಚಿತನೊಬ್ಬ ಬ್ಯಾಂಕಿಗೆ ಬಂದು ಸಾಲ ಕೇಳಿದರೆ ಅಧಿಕಾರಿ ಏನು ಮಾಡುತ್ತಾನೆ? ಅದೇ ವ್ಯಾಪಾರದ, ಅಷ್ಟೇ ಬಂಡವಾಳದ, ಅದೇ ಪೇಟೆಯ ಹಿಂದಿನ ಸಾಲಗಾರರು ಹೇಗೆ ನಡೆದುಕೊಂಡರೆಂದು ಕಡತ ತೆರೆದು ನೋಡುತ್ತಾನೆ. ಹೊಸ ರಾಸಾಯನಿಕದ ಅಣುರಚನೆಯನ್ನು ಈಗಾಗಲೇ ಪರೀಕ್ಷೆಗೊಳಗಾದ ಸಾವಿರಾರು ವಸ್ತುಗಳ ರಚನೆಯೊಡನೆ ಹೋಲಿಸಿ, ಅದರ ಗುಣವನ್ನು ಊಹಿಸುವುದೂ ಇದೇ ರೀತಿ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹ ಲೆಕ್ಕವನ್ನು ಮಾಡಿ, ಸರಾಸರಿ ಶೇಕಡಾ 87ರಷ್ಟು ಸರಿಯುತ್ತರ ಪಡೆದರು. ಅದಕ್ಕಿಂತ ಬೆರಗಿನ ಸಂಗತಿ ಇನ್ನೊಂದು: ಒಂದೇ ರಾಸಾಯನಿಕವನ್ನು ಮತ್ತೊಮ್ಮೆ ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಮೊದಲ ಉತ್ತರವೇ ಬಂದದ್ದು ಸುಮಾರು ಶೇಕಡಾ 81ರಷ್ಟು ಸಲ ಮಾತ್ರ. ಎರಡು ಸಲ ಕೂಡಿದಾಗ ಎರಡು ಮೊತ್ತ ಬರುವ ಖಾತೆಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಆದರೆ ಈ ಊಹೆಗೂ ಸಾಲಗಾರನ ಕಡತದ ದೋಷವೇ ಉಂಟು. ಹಿಂದೆಂದೂ ಕಾಣದ ಬಗೆಯ ಮನುಷ್ಯ ಬಂದರೆ ಕಡತ ಮೌನವಾಗಿರುತ್ತದೆ. ಅಲ್ಲದೆ ಆ ಕಡತದಲ್ಲಿರುವ ಮಾಹಿತಿ ಬಹುಪಾಲು ಹಳೆಯ ಪ್ರಾಣಿಪರೀಕ್ಷೆಗಳದ್ದೇ.

ಹಬ್ಸಿಗುಡದಲ್ಲಿ ನಡೆದಿರುವ ಕೆಲಸ

ನಾಂಪಲ್ಲಿಯಲ್ಲಿ ಮೆಟ್ರೋ ಹತ್ತಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿದರೆ ಹಬ್ಸಿಗುಡ ತಲುಪಬಹುದು. ಅಲ್ಲಿಯ ಸಿಸಿಎಂಬಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರಕ್ಕೆ ಸೇರಿದ ಅಟಲ್ ಇನ್‌ಕ್ಯುಬೇಷನ್ ಸೆಂಟರಿನಲ್ಲಿ ‘ಸೆಂಟರ್ ಫಾರ್ ಪ್ರಿಡಿಕ್ಟಿವ್ ಹ್ಯೂಮನ್ ಮಾಡೆಲ್ ಸಿಸ್ಟಮ್ಸ್’ ಎಂಬ ಘಟಕ ಹುಟ್ಟಿಕೊಂಡಿತು. ಪ್ರಾಣಿದಯಾ ಸಂಸ್ಥೆಯೊಂದೂ ವಿಜ್ಞಾನ ಸಂಸ್ಥೆಯೊಂದೂ ಜಗಳವಾಡದೆ ಕೂಡಿ ಕಟ್ಟಿದ ಘಟಕವಿದು. ಅಷ್ಟೇ ಕಾರಣಕ್ಕೂ ಇದನ್ನು ಮೆಚ್ಚಬೇಕು. ಮನುಷ್ಯನ ಜೀವಕೋಶಗಳಿಂದ ಮಾಡಿದ ಮಾದರಿಗಳನ್ನು ದೇಶದ ಸಂಶೋಧಕರಿಗೂ ಔಷಧ ತಯಾರಕರಿಗೂ ಪರಿಚಯಿಸುವುದು ಇದರ ಉದ್ದೇಶ. ಇಂತಹ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಪ್ಯಾಂಡೋರಂ ಎಂಬ ಸಣ್ಣ ಸಂಸ್ಥೆ 2015ರಲ್ಲಿ ಜೀವಕೋಶಗಳನ್ನು ಅಚ್ಚುಹಾಕಿ ಯಕೃತ್ತಿನ ಅಂಗಾಂಶವನ್ನು ನಿರ್ಮಿಸಿತು. 2020ರಲ್ಲಿ ಕೊರೋನಾ ಹಾವಳಿಯಿಟ್ಟಾಗ ಬೆಂಗಳೂರಿನ ಐಸ್ಟೆಮ್ ಸಂಸ್ಥೆಯೂ ಹೈದರಾಬಾದಿನ ಸಿಸಿಎಂಬಿಯೂ ಕೈಜೋಡಿಸಿ, ಮನುಷ್ಯನ ಶ್ವಾಸಕೋಶದ ಜೀವಕೋಶಗಳಲ್ಲಿ ಆ ವೈರಾಣುವನ್ನು ಬೆಳೆಸಿ ಔಷಧಗಳನ್ನು ಪರೀಕ್ಷಿಸುವ ಯೋಜನೆಗೆ ಕೈಹಾಕಿದವು.

ಕಾನೂನೂ ತಡವಾಗಿ ಹೆಜ್ಜೆ ಹಾಕುತ್ತಿದೆ. ಪ್ರಾಣಿಪ್ರಯೋಗವನ್ನು ಸಾಧ್ಯವಾದೆಡೆಯಲ್ಲೆಲ್ಲ ತಪ್ಪಿಸಬೇಕೆಂಬ ಮಾತು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯಲ್ಲಿಯೇ ಇತ್ತು. ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲ ಆ ಕಾಯ್ದೆ. ಅಮೆರಿಕವು 2022ರ ಡಿಸೆಂಬರಿನಲ್ಲಿ, ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ 1938ರ ಕಾಲದ ಕಟ್ಟಳೆಯನ್ನು ಸಡಿಲಿಸಿತು. ಭಾರತ ಸರ್ಕಾರವೂ 2023ರ ಮಾರ್ಚಿನಲ್ಲಿ ಔಷಧಪರೀಕ್ಷೆಯ ನಿಯಮಗಳನ್ನು ತಿದ್ದಿ, ಜೀವಕೋಶಗಳ ಮಾದರಿ, ಬಿಲ್ಲೆ, ಗಣಕಯಂತ್ರಗಳ ಆಧಾರವನ್ನು ಒಪ್ಪಿಕೊಳ್ಳಲು ಅವಕಾಶ ಮಾಡಿತು. ಪ್ರಾಣಿಪರೀಕ್ಷೆಯನ್ನು ಇದು ನಿಷೇಧಿಸಲಿಲ್ಲವೆಂಬುದು ಗಮನಾರ್ಹ. ಬಸುರಿನಲ್ಲಿ ಮಗು ಬೆಳೆಯುವ ಪರಿ, ವರ್ಷಗಟ್ಟಲೆ ತೆಗೆದುಕೊಳ್ಳುವ ಮಾತ್ರೆಯ ಪರಿಣಾಮ, ಒಂದು ಅಂಗದ ಕೇಡು ಇನ್ನೊಂದಕ್ಕೆ ಹಬ್ಬುವ ಬಗೆ, ಇವುಗಳನ್ನು ಪೂರ್ಣವಾಗಿ ಹೇಳಬಲ್ಲ ಬಿಲ್ಲೆ ಇನ್ನೂ ಬಂದಿಲ್ಲ. ಬಂದಿದೆಯೆಂದು ಸಾರುವವರ ಮಾತನ್ನು, ಲಾರಿಯ ಮಾತನ್ನು ನಂಬಬೇಕಿದ್ದಷ್ಟೇ ನಂಬುವುದು ಕ್ಷೇಮ.

ನಾಂಪಲ್ಲಿಯ ಮಾರ್ಚ್ ತಿಂಗಳು

2019ರ ಮಾರ್ಚಿನಲ್ಲಿ ನಾಂಪಲ್ಲಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶಿಶುಗಳಿಗೆ ಲಸಿಕೆ ಹಾಕಿದ ದಿನ, ಜ್ವರ ಬಂದರೆ ಕೊಡಬೇಕಾದ ಪ್ಯಾರಸಿಟಮಾಲ್ ಬದಲು ಟ್ರಾಮಡಾಲ್ ಎಂಬ ನೋವುನಿವಾರಕ ಮಾತ್ರೆ ತಾಯಂದಿರ ಕೈಸೇರಿತು. ಹಲವಾರು ಶಿಶುಗಳನ್ನು ನಿಲೋಫರ್ ಆಸ್ಪತ್ರೆಗೆ ಸೇರಿಸಬೇಕಾಯಿತು. ಕನಿಷ್ಠ ಎರಡು ಶಿಶುಗಳು ಉಳಿಯಲಿಲ್ಲ. ಮಾತ್ರೆ ಬದಲಾದ ಈ ಪ್ರಮಾದವನ್ನು ಯಾವ ಇಲಿಯೂ, ಯಾವ ಬಿಲ್ಲೆಯೂ ಮುಂಚಿತವಾಗಿ ಹೇಳಲಾರದು.

ಆದರೆ ಆ ಮಾತ್ರೆಯ ಗುಣ ಇಲ್ಲಿಯವರೆಗಿನ ವಿಚಾರಕ್ಕೆ ನೇರವಾಗಿ ಸಂಬಂಧಿಸಿದೆ. ಟ್ರಾಮಡಾಲನ್ನು ಮನುಷ್ಯನ ಯಕೃತ್ತಿನ ಕಿಣ್ವವೊಂದು ಅಫೀಮಿನ ಜಾತಿಯ ಇನ್ನೂ ಪ್ರಬಲವಾದ ವಸ್ತುವಾಗಿ ಮಾರ್ಪಡಿಸುತ್ತದೆ. ನಾಯಿಯ ದೇಹದಲ್ಲಿ ಆ ವಸ್ತು ಉಂಟಾಗುವುದು ಅತ್ಯಲ್ಪ. ಮನುಷ್ಯರಲ್ಲಿಯೂ ಈ ಕಿಣ್ವ ಎಲ್ಲರಿಗೂ ಒಂದೇ ಸಮನಾಗಿಲ್ಲ. ಹುಟ್ಟಿನಿಂದಲೇ ಕೆಲವರಿಗೆ ಅದು ಅತಿವೇಗ, ಕೆಲವರಿಗೆ ಮಂದ. ಅತಿವೇಗದವರಿಗೆ ಸಾಮಾನ್ಯ ಪ್ರಮಾಣವೂ ಉಸಿರನ್ನು ಕುಗ್ಗಿಸೀತು. ಮಕ್ಕಳಿಗೆ ಇದರ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ಇಲಾಖೆ ಹನ್ನೆರಡು ವರ್ಷದೊಳಗಿನವರಿಗೆ ಟ್ರಾಮಡಾಲ್ ಕೂಡದೆಂದು ವಿಧಿಸಿದ್ದು 2017ರಲ್ಲಿ. ಆ ಔಷಧ ಬಳಕೆಗೆ ಬಂದು ದಶಕಗಳೇ ಕಳೆದ ಮೇಲೆ. ಅದನ್ನು ತಿಳಿಸಿದ್ದು ಪ್ರಯೋಗಾಲಯವಲ್ಲ, ಊರೂರಿನ ಆಸ್ಪತ್ರೆಗಳಿಂದ ಬಂದ ವರದಿಗಳು. ಬೇರೆ ಬೇರೆ ವ್ಯಕ್ತಿಗಳ ಜೀವಕೋಶಗಳನ್ನು ಬಿಲ್ಲೆಯಲ್ಲಿ ಬೆಳೆಸಿ ಇಂತಹ ವ್ಯತ್ಯಾಸವನ್ನು ಮೊದಲೇ ಕಾಣುವುದು ಹೊಸ ವಿಧಾನಗಳಿಂದ ನಿರೀಕ್ಷಿಸಬಹುದಾದ ದೊಡ್ಡ ಲಾಭ. ಒಂದೇ ತಳಿಯ ಇಲಿಗಳ ಗುಂಪು ಎಷ್ಟು ದೊಡ್ಡದಾದರೂ ಬೀದರದ ಕೂಸಿಗೂ ಬರ್ಲಿನ್ನಿನ ಕೂಸಿಗೂ ಇರುವ ಅಂತರವನ್ನು ಹೇಳಲಾರದು.

ಅಲ್ಲಿಯವರೆಗೆ ಕೊನೆಯ ಪರೀಕ್ಷೆ ನಡೆಯುವುದು ಮನೆಗಳಲ್ಲಿಯೇ. ಔಷಧದಿಂದಾದ ಕೇಡನ್ನು ವರದಿ ಮಾಡುವುದು ವೈದ್ಯರ ಕೆಲಸವೆಂದು ಸಾಮಾನ್ಯರು ತಿಳಿದಿದ್ದಾರೆ. ಹಾಗೇನಿಲ್ಲ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ರೋಗಿಯಾಗಲಿ, ಅವನ ಮನೆಯವರಾಗಲಿ ನೇರವಾಗಿ ತಿಳಿಸಬಹುದು. ಅದರ ಉಚಿತ ದೂರವಾಣಿ ಸಂಖ್ಯೆ 1800-180-3024. ಬಳಕೆದಾರರಿಗಾಗಿಯೇ ಮಾಡಿದ ಸರಳ ನಮೂನೆ ಭಾರತೀಯ ಭಾಷೆಗಳಲ್ಲಿಯೂ ದೊರೆಯುತ್ತದೆ. ತಿಳಿಸುವಾಗ ಔಷಧದ ಹೆಸರು, ತಯಾರಕರ ಹೆಸರು, ತಂಡದ ಸಂಖ್ಯೆ, ಮುಗಿಯುವ ದಿನಾಂಕ, ಔಷಧ ಕೊಟ್ಟ ದಿನ, ಕೇಡು ಕಂಡ ದಿನ, ರೋಗಿಯ ವಯಸ್ಸು ಇವಿಷ್ಟಿದ್ದರೆ ಸಾಕು. ಸೀಸೆ ಬರಿದಾದೊಡನೆ, ಗುಳಿಗೆಯ ಪಟ್ಟಿ ಮುಗಿದೊಡನೆ ಎಸೆದುಬಿಟ್ಟರೆ ಈ ವಿವರಗಳು ಸಿಗಲಾರವು. ಮಗು ಪೂರ್ಣವಾಗಿ ಗುಣವಾಗುವವರೆಗೆ ಅವನ್ನು ವೈದ್ಯರ ಚೀಟಿಯೊಡನೆ ಒಂದು ಲಕೋಟೆಯಲ್ಲಿ ತೆಗೆದಿಡುವುದಕ್ಕೆ ಖರ್ಚೇನೂ ಇಲ್ಲ.